ಇಟ್ಟಿಗೆ ಮೆದುವೋ, ಗಾರೆ ಮೆದುವೋ?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ – ಯಾವ ಊರಿಗೆ ಹೋದರೂ ಒಂದಲ್ಲ ಒಂದು ಬೀದಿಯಲ್ಲಿ ಹೊಸ ಮನೆ ಏಳುತ್ತಿರುತ್ತದೆ. ‘ಸಿಮೆಂಟು ಸ್ವಲ್ಪ ಜಾಸ್ತಿ ಹಾಕಿ ಮೇಸ್ತ್ರಿ, ಗೋಡೆ ಗಟ್ಟಿಯಾಗಲಿ’ ಎಂಬ ಮಾತೂ ಕೇಳಿಬರುತ್ತದೆ. ಜೀವಮಾನದ ಉಳಿತಾಯ ಸುರಿದು ಕಟ್ಟುವ ಮನೆಯಲ್ಲವೇ? ಆದರೆ ಗಾರೆ ಗಟ್ಟಿಯಾದ ಮಾತ್ರಕ್ಕೆ ಗೋಡೆ ಗಟ್ಟಿಯಾಗುವುದೇ? ಇಂಥ ಪ್ರಶ್ನೆಗೆ ಇಂದು ಕಂಪ್ಯೂಟರಿನಿಂದಲೂ ಉತ್ತರ ಪಡೆಯಬಹುದು. ಅದಕ್ಕೊಂದು ಷರತ್ತಿದೆ, ಅಷ್ಟೆ.

ಕಂಪ್ಯೂಟರ್ ಗೋಡೆಯನ್ನು ಸಾವಿರಾರು ಪುಟ್ಟ ತುಂಡುಗಳಾಗಿ ವಿಂಗಡಿಸಿಕೊಳ್ಳುತ್ತದೆ. ಪ್ರತಿ ತುಂಡಿನ ಮೇಲೆ ಎಷ್ಟು ಭಾರ ಬೀಳುತ್ತದೆ, ಅದೆಷ್ಟು ಕುಗ್ಗುತ್ತದೆ, ಪಕ್ಕದ ತುಂಡನ್ನು ಎಷ್ಟು ಎಳೆಯುತ್ತದೆ ಎಂಬ ಸಮೀಕರಣಗಳನ್ನೆಲ್ಲ ಒಟ್ಟಿಗೆ ಬಿಡಿಸುತ್ತದೆ. ಇದೇ ‘ಫೈನೈಟ್ ಎಲಿಮೆಂಟ್’ ವಿಧಾನ. 1960ರಲ್ಲಿ ಈ ಹೆಸರಿಟ್ಟವರು ಅಮೆರಿಕದ ಎಂಜಿನಿಯರ್ ರೇ ಕ್ಲಫ್. ಲೆಕ್ಕ ಯಂತ್ರದ್ದು. ಆದರೆ ಇಟ್ಟಿಗೆ ಎಷ್ಟು ಬಿಗಿ, ಗಾರೆ ಎಷ್ಟು ಬಿಗಿ ಎಂದು ತಿಳಿಸಬೇಕಾದವರು ನಾವು. ಪಿ.ಯು.ಸಿ. ವಿದ್ಯಾರ್ಥಿಗಳು ಓದುವ ‘ಯಂಗ್ಸ್ ಮಾಡ್ಯುಲಸ್’ ಇಲ್ಲಿ ಬೇಕಾಗುತ್ತದೆ.

ಈ ಅಂಕಿ ಏಕೆ ಮುಖ್ಯ? ಚನ್ನಪಟ್ಟಣದ ಎರಡು ಮರದ ಆಟಿಕೆಗಳ ನಡುವೆ ಪೆನ್ಸಿಲ್ ಅಳಿಸುವ ರಬ್ಬರನ್ನಿಟ್ಟು ಒತ್ತಿ ನೋಡಿ. ರಬ್ಬರು ಪಕ್ಕಕ್ಕೆ ಉಬ್ಬುತ್ತದೆ. ಅದನ್ನು ಮರಕ್ಕೆ ಅಂಟಿಸಿದ್ದರೆ? ಉಬ್ಬಲು ಹೊರಟ ರಬ್ಬರನ್ನು ಮರ ತಡೆಯುತ್ತದೆ. ರಬ್ಬರು ಮರವನ್ನು ಹೊರಕ್ಕೆ ಎಳೆಯುತ್ತದೆ. ಗೋಡೆಯಲ್ಲಿಯೂ ಹೀಗೆಯೇ. ಮೆದುವಾದದ್ದು ಉಬ್ಬಲು ನೋಡುತ್ತದೆ, ಬಿಗಿಯಾದದ್ದು ಎಳೆತಕ್ಕೆ ಸಿಗುತ್ತದೆ. ಇಟ್ಟಿಗೆಯಾಗಲಿ ಗಾರೆಯಾಗಲಿ ಒತ್ತಡವನ್ನು ತಾಳಿದಷ್ಟು ಎಳೆತವನ್ನು ತಾಳಲಾರವು.

ಪಾಶ್ಚಾತ್ಯ ದೇಶಗಳ ಪಠ್ಯಗಳು ಸಾಮಾನ್ಯವಾಗಿ ಇಟ್ಟಿಗೆಯೇ ಬಿಗಿ, ಗಾರೆ ಮೆದು ಎಂದು ಭಾವಿಸುತ್ತವೆ. ಆದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ.ಎಸ್. ಜಗದೀಶ್, ಪ್ರೊ. ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಸಂಗಡಿಗರು ಸ್ಥಳೀಯ ಇಟ್ಟಿಗೆಗಳನ್ನು ಪರೀಕ್ಷಿಸಿದಾಗ ಕಂಡದ್ದು ಇದರ ತಿರುವುಮುರುವು: ನಮ್ಮ ಇಟ್ಟಿಗೆ ಸಿಮೆಂಟ್ ಗಾರೆಗಿಂತ ಮೆದು! ಆಗ ಎಳೆತಕ್ಕೆ ಸಿಗುವುದು ಗಾರೆ. ಪರದೇಶದ ಅಂಕಿಗಳನ್ನು ಊಡಿದರೆ ಕಂಪ್ಯೂಟರ್ ಒಂದು ತಪ್ಪೂ ಮಾಡದೆ ಲೆಕ್ಕ ಹಾಕಿ, ಬಿರುಕನ್ನು ತಪ್ಪು ಜಾಗದಲ್ಲಿ ತೋರಿಸೀತು.

ಇವರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇನ್ನೊಂದು ಸಂಗತಿಯಿದೆ. ಗಾರೆಯ ಬಲವನ್ನು ಹೆಚ್ಚಿಸದೆ, ಇಟ್ಟಿಗೆಗೂ ಗಾರೆಗೂ ಇರುವ ಹಿಡಿತವನ್ನಷ್ಟೇ ಹೆಚ್ಚಿಸಿದಾಗಲೂ ಗೋಡೆ ಭಾರ ಹೊರುವ ಶಕ್ತಿ ಹೆಚ್ಚಿತು. ಗೋಡೆಯ ಬಲ ಬರಿಯ ಸಿಮೆಂಟಿನಲ್ಲಿಲ್ಲ.

ಹಿಡಿತ ಬರುವುದು ಹೇಗೆ? ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ. ಸಿಮೆಂಟು ಗಟ್ಟಿಯಾಗಲು ನೀರು ಸಾಲದು. ನೀರು ಕುಡಿದು ತೊಟ್ಟಿಕ್ಕುತ್ತಿರುವ ಇಟ್ಟಿಗೆ ಗಾರೆಯನ್ನು ಒಳಕ್ಕೆ ಎಳೆದುಕೊಳ್ಳುವುದೇ ಇಲ್ಲ. ಆದ್ದರಿಂದ ನೆನೆಸಿ, ಮೇಲಿನ ನೀರು ಆರಿದ ಮೇಲೆ ಇಡುವುದು ಲೇಸು.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಯೊಂದಿದೆ. ಚೆನ್ನಾಗಿ ಒಣಗಿದ ಇಟ್ಟಿಗೆಯನ್ನು ತೂಗಿ, 24 ಗಂಟೆ ನೀರಿನಲ್ಲಿ ಮುಳುಗಿಸಿಟ್ಟು, ಒರೆಸಿ ಮತ್ತೆ ತೂಗಿ. ಭಾರತೀಯ ಮಾನಕದ ಪ್ರಕಾರ ಸಾಧಾರಣ ಇಟ್ಟಿಗೆಯ ತೂಕ ಶೇ. 20ಕ್ಕಿಂತ ಹೆಚ್ಚಬಾರದು. ಮಕ್ಕಳು ಲೆಕ್ಕ ಹಾಕಲಿ, ಹಿರಿಯರು ಅದನ್ನು ನೋಡಿ ಇಟ್ಟಿಗೆಯ ಲೋಡು ಇಳಿಸಿಕೊಳ್ಳಲಿ. ಕಂಪ್ಯೂಟರಿನ ಲೆಕ್ಕವೂ ಆರಂಭವಾಗುವುದು ಇಂಥ ತಕ್ಕಡಿಯಿಂದಲೇ.