ಕಡಲ ತೀರದ ಎಂಟು ದಿನ: ರಜೆ ಯಾರಿಗೆ?



ಅರಸೀಕೆರೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರ ಮಗಳು, ಅಳಿಯ ಫ್ರಾನ್ಸಿನ ರೆನ್ ನಗರದಲ್ಲಿದ್ದಾರಂತೆ. ಮೂರು ವರ್ಷದ ಮೇಲೆ ಮಗಳನ್ನು ನೋಡುವ ಯೋಗ ಈಗ ಕೂಡಿಬಂದಿದೆ. ಬರುವ ಸೆಪ್ಟೆಂಬರಿನಲ್ಲಿ ಗಂಡ ಹೆಂಡತಿ ಇಬ್ಬರೂ ಹೊರಡುತ್ತಾರೆ. ಮಗಳು ಕೆಲಸಕ್ಕೆ ರಜೆ ಹಾಕಿ, ಎಂಟು ದಿನ ಸಮುದ್ರದ ಹತ್ತಿರ ಹಳ್ಳಿಮನೆಯೊಂದನ್ನು ಬಾಡಿಗೆಗೆ ಹಿಡಿಯುತ್ತೇನೆ ಎಂದಿದ್ದಾಳೆ. "ನಮ್ಮ ಯಜಮಾನರಿಗೆ ಅನ್ನ, ಸಾರು, ಮಜ್ಜಿಗೆ ಇಲ್ಲದೆ ಆಗೋದಿಲ್ಲ. ಕುಕ್ಕರು, ಅಕ್ಕಿ, ಬೇಳೆ ಎಲ್ಲಾ ಕಟ್ಟಿಕೊಂಡು ಹೋಗಲೇ? ಅಲ್ಲೂ ಒಲೆ ಮುಂದೆಯೇ ನಿಲ್ಲುವುದಾದರೆ ನಾನು ಹೋಗಿ ಏನು ಬಂತು?" ಎಂದು ಕೇಳಿದ್ದಾರೆ.

ಈ ಕೊನೆಯ ಪ್ರಶ್ನೆ ಅವರೊಬ್ಬರದಲ್ಲ, ನಮ್ಮೆಲ್ಲರದೂ ಹೌದು ಅಲ್ಲವೇ? ನನ್ನ ತಂಗಿಯೂ ಆ ಕಡೆಯೇ ಇರುವುದರಿಂದ ಎರಡು ಸಲ ಹೋಗಿಬಂದಿದ್ದೇನೆ. ಆ ಸೀಮೆಯ ರೀತಿ ನೀತಿ ತಿಳಿದು ಮೊದಲೇ ಲೆಕ್ಕ ಹಾಕಿಕೊಂಡರೆ, ಗೃಹಿಣಿಗೂ ಅದು ನಿಜವಾದ ರಜೆಯೇ ಆಗುತ್ತದೆ.

ಆ ಸೀಮೆಯ ಹೆಸರು ಬ್ರಿಟನಿ. ಫ್ರಾನ್ಸಿನ ಪಶ್ಚಿಮದ ತುದಿ. ಮೂರು ಕಡೆ ಕಡಲು, ಒಳಗೆ ಹೊಲ, ಹಸು, ಕಲ್ಲಿನ ಮನೆಗಳು. ಪ್ಯಾರಿಸ್ಸಿನಿಂದ ರೆನ್‌ಗೆ ವೇಗದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. 2017ರಲ್ಲಿ ಹೊಸ ಹಳಿ ಬಂದ ಮೇಲೆ ಇಷ್ಟು ಹತ್ತಿರವಾಯಿತು. ರೆನ್‌ನಿಂದ ಕಡಲತೀರದ ಕೋಟೆಯೂರು ಸ್ಯಾನ್ ಮಾಲೊಗೆ ಇನ್ನೊಂದು ರೈಲು, ಒಂದು ಗಂಟೆಯೊಳಗೆ ಮುಟ್ಟಿಸುತ್ತದೆ.

ಮೊದಲು ಕಾಗದ ಪತ್ರ. ಬೇಕಾಗುವುದು ಷೆಂಗೆನ್ ವೀಸಾ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. 15 ದಿನಕ್ಕಿಂತ ತಡ ಮಾಡುವಂತಿಲ್ಲ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಇರಲೇಬೇಕು. ಮಗಳ ಮನೆಯಲ್ಲೇ ಇಳಿದುಕೊಳ್ಳುವುದರಿಂದ, ಅವಳು ತನ್ನೂರಿನ ಪುರಸಭೆಗೆ ಹೋಗಿ ನಿಮ್ಮ ಹೆಸರಿನಲ್ಲಿ ಆತಿಥ್ಯ ಪತ್ರ ಮಾಡಿಸಿ ಕಳಿಸಬೇಕು. ಈ ಕೆಲಸವನ್ನು ಅವಳಿಗೆ ಇವತ್ತೇ ಹೇಳಿ. ನಿತ್ಯದ ಮಾತ್ರೆಗಳಿದ್ದರೆ ಪೂರ್ತಿ ದಿನಗಳಿಗೆ ಸಾಕಾಗುವಷ್ಟು ಇಟ್ಟುಕೊಂಡು, ಡಾಕ್ಟರ ಚೀಟಿಯಲ್ಲಿ ಔಷಧದ ಮೂಲ ಹೆಸರನ್ನೇ ಬರೆಸಿಕೊಳ್ಳಿ. ಕಂಪನಿಯ ಹೆಸರು ಅಲ್ಲಿ ಬೇರೆ ಇರಬಹುದು.

ಇನ್ನು ಪೆಟ್ಟಿಗೆ ಕಟ್ಟುವ ವಿಷಯ. ಮಗಳಿಗೆಂದು ಮನೆಯಲ್ಲಿ ಕಾಸಿದ ತುಪ್ಪ, ಧಾರವಾಡ ಪೇಡ, ಹಿತ್ತಲ ಕರಿಬೇವು ಕೊಂಡೊಯ್ಯಬೇಕೆಂದು ಯಾವ ತಾಯಿಗೆ ಆಸೆ ಇರುವುದಿಲ್ಲ ಹೇಳಿ? ಆದರೆ ನಮ್ಮಂಥ ಹೊರದೇಶಗಳಿಂದ ಹಾಲಿನ ಪದಾರ್ಥ, ಮಾಂಸ ತರಕೂಡದೆಂದು ಐರೋಪ್ಯ ಒಕ್ಕೂಟದ ನಿಯಮವಿದೆ. ಹಸಿ ಸೊಪ್ಪು ತರಕಾರಿಗೂ ಸರ್ಟಿಫಿಕೇಟ್ ಬೇಕು. ವಿಮಾನ ನಿಲ್ದಾಣದಲ್ಲಿ ಕಣ್ಣೆದುರೇ ಬುಟ್ಟಿಗೆ ಹಾಕಿದರೆ ಹೊಟ್ಟೆ ಉರಿಯುತ್ತದೆ. ಅದರ ಬದಲು ಚಟ್ನಿಪುಡಿ, ಸಾರಿನಪುಡಿ, ಹಪ್ಪಳ ಸಾಕು. ಅಕ್ಕಿ ಅಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ತೊಗರಿಬೇಳೆಯನ್ನು ಮಗಳು ರೆನ್‌ನಿಂದಲೇ ತರಲಿ.

ಕುಕ್ಕರ್ ಹೊರಬೇಡಿ. ಅಲ್ಲಿ ಬಾಡಿಗೆಗೆ ಕೊಡುವ ಹಳ್ಳಿಮನೆಗೆ 'ಜೀತ್' ಎನ್ನುತ್ತಾರೆ. (ನಮ್ಮ ಜೀತಕ್ಕೂ ಅದಕ್ಕೂ ಸಂಬಂಧವಿಲ್ಲ, ಇರಕೂಡದು ಎಂದೇ ಈ ಲೇಖನ!) ಪಾತ್ರೆ ಪಡಗ ಎಲ್ಲ ಅಲ್ಲೇ ಇರುತ್ತವೆ. ಒಲೆ ಎಷ್ಟೋ ಕಡೆ ಇಂಡಕ್ಷನ್. ನಮ್ಮ ಮಾಮೂಲಿ ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ಬಿಸಿಯೇ ಆಗುವುದಿಲ್ಲ. ಮನೆ ಗೊತ್ತುಮಾಡುವಾಗ ಮಗಳು ಮೂರು ಮಾತು ಕೇಳಲಿ: ಹಾಸಿಗೆ ಬಟ್ಟೆ, ಟವೆಲ್ ಬಾಡಿಗೆಯಲ್ಲಿ ಸೇರಿದೆಯೇ? ಬಿಟ್ಟು ಬರುವ ದಿನ ಮನೆ ಗುಡಿಸಿ ಒರೆಸುವವರು ಯಾರು? ಮಲಗುವ ಕೋಣೆ ಮಹಡಿ ಮೇಲೋ, ಕೆಳಗೋ? ಶುಚಿ ಮಾಡುವುದಕ್ಕೆ ಬೇರೆ ದುಡ್ಡು ಕೊಡಬೇಕೆಂದರೆ ಕೊಟ್ಟುಬಿಡಿ. ಎಂಟನೆಯ ದಿನ ಪೊರಕೆ ಹಿಡಿಯುವುದಕ್ಕೆ ಅಷ್ಟು ದೂರ ಹೋಗಬೇಕಿಲ್ಲ. ಜುಲೈ, ಆಗಸ್ಟಿನಲ್ಲಿ ಮನೆಗಳನ್ನು ಸಾಮಾನ್ಯವಾಗಿ ಶನಿವಾರದಿಂದ ಶನಿವಾರಕ್ಕೇ ಕೊಡುತ್ತಾರೆ. ಸೆಪ್ಟೆಂಬರಿನಲ್ಲಿ ಮಕ್ಕಳ ಶಾಲೆ ಶುರುವಾಗಿ ಗದ್ದಲವೂ ಬಾಡಿಗೆಯೂ ಇಳಿಯುತ್ತವೆ. ಶನಿವಾರವೇ ಹೊರಡುವುದಾದರೆ ಬೆಳಿಗ್ಗೆ ರೆನ್‌ನ 'ಪ್ಲಾಸ್ ದೆ ಲಿಸ್' ಸಂತೆಗೆ ಹೋಗಿ. ಫ್ರಾನ್ಸಿನ ದೊಡ್ಡ ಸಂತೆಗಳಲ್ಲಿ ಅದೂ ಒಂದು. ಹೂಕೋಸು ಬ್ರಿಟನಿಯದೇ ಬೆಳೆ. ವಾರಕ್ಕಾಗುವ ತರಕಾರಿ ಅಲ್ಲೇ ಕೊಳ್ಳಿ. ಹಳ್ಳಿಗಳಲ್ಲಿ ಮಧ್ಯಾಹ್ನ ಎರಡು ಗಂಟೆ ಅಂಗಡಿ ಮುಚ್ಚುತ್ತಾರೆ, ಭಾನುವಾರ ಮಧ್ಯಾಹ್ನದ ಮೇಲಂತೂ ಬಾಗಿಲು ತೆರೆದಿರುವುದು ಅಪರೂಪ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಆದರೆ ಆ ನೀರನ್ನು ನಮ್ಮ ಕಾರವಾರ, ಮಲ್ಪೆಯ ನೀರೆಂದು ತಿಳಿಯಬೇಡಿ. ಸ್ಯಾನ್ ಮಾಲೊದಲ್ಲಿ ದೊಡ್ಡ ಉಬ್ಬರದ ದಿನ ನೀರು 12–13 ಮೀಟರ್ ಏರಿ ಇಳಿಯುತ್ತದೆ. ನಾಲ್ಕು ಮಹಡಿ ಕಟ್ಟಡದಷ್ಟು! ಈ ಏರಿಳಿತದಿಂದಲೇ ವಿದ್ಯುತ್ ತೆಗೆಯುವ ಕಟ್ಟೆ 1966ರಿಂದ ಪಕ್ಕದ ರಾನ್ಸ್ ನದಿಯ ಮುಖದಲ್ಲಿ ನಡೆಯುತ್ತಿದೆ. ನೀರು ಇಳಿದಾಗ ಊರ ಮುಂದಿನ ಗ್ರಾಂ ಬೇ ಎಂಬ ನಡುಗಡ್ಡೆಗೆ ನಡೆದೇ ಹೋಗಬಹುದು. 1848ರಲ್ಲಿ ತೀರಿಕೊಂಡ ಸಾಹಿತಿ ಶಾತೊಬ್ರಿಯಾಂ ಅವರ ಸಮಾಧಿ ಅಲ್ಲಿದೆ. ನೀರು ಏರಿತೋ, ದಾರಿ ಮುಳುಗಿ ಗಂಟೆಗಟ್ಟಲೆ ಅಲ್ಲೇ ಕೂತಿರಬೇಕು. ಆಗ ನೀರಿಗಿಳಿದು ದಾಟುವ ಸಾಹಸ ಖಂಡಿತ ಬೇಡ. ಎತ್ತರದಲ್ಲೇ ಇದ್ದು, ತೊಂದರೆಯಾದರೆ ಕಡಲ ರಕ್ಷಣೆಯ 196 ಅಥವಾ 112ಕ್ಕೆ ಫೋನ್ ಮಾಡಿ.

ಪಂಚಾಂಗ ನೋಡುವ ನಮಗೆ ಇದರ ಲೆಕ್ಕ ಕಷ್ಟವಲ್ಲ. ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನಕ್ಕೆ ದೊಡ್ಡ ಉಬ್ಬರ. ಹಗಲು ರಾತ್ರಿ ಸಮನಾಗುವ ಮಾರ್ಚ್, ಸೆಪ್ಟೆಂಬರಿನಲ್ಲಿ ಇನ್ನೂ ದೊಡ್ಡದು. ನೀವು ಹೋಗುವುದೂ ಸೆಪ್ಟೆಂಬರಿಗೇ. ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಉಬ್ಬರದ ವೇಳಾಪಟ್ಟಿ ಪ್ರವಾಸಿ ಕಚೇರಿಯಲ್ಲಿ ಸಿಗುತ್ತದೆ; ಅದರಲ್ಲಿ 20ರಿಂದ 120ರವರೆಗಿನ ಅಂಕಿಯೊಂದಿರುತ್ತದೆ. 100 ದಾಟಿದ್ದರೆ ದೊಡ್ಡ ಉಬ್ಬರವೆಂದು ತಿಳಿಯಿರಿ. ಆ ಪಟ್ಟಿಯನ್ನು ಅಡುಗೆಮನೆ ಗೋಡೆಗೆ ಅಂಟಿಸಿ, ದಿನದ ಕೆಲಸವನ್ನು ಅದಕ್ಕೆ ಹೊಂದಿಸಿ. ಸಮುದ್ರ ಕರೆಯುವ ಹೊತ್ತಿಗೆ ಒಲೆ ಆರಿರಲಿ!

ಈಗ ಊಟ. ಅಲ್ಲಿಯ ಜನರ ನಿತ್ಯದ ತಿಂಡಿ 'ಗಾಲೆಟ್', ಅಂದರೆ ನಮ್ಮ ದೋಸೆಯ ಅಕ್ಕನೋ ತಂಗಿಯೋ! ಉತ್ತರದವರು ವ್ರತದ ದಿನ ತಿನ್ನುವ ಕುಟ್ಟು ಹಿಟ್ಟಿನಿಂದ ಹೆಂಚಿನ ಮೇಲೆ ತೆಳ್ಳಗೆ ಹುಯ್ಯುತ್ತಾರೆ. ಜೊತೆಗೆ ಕುಡಿಯಲು ಕೇಳಿದರೆ 'ಲೆ ರಿಬೊ' ಕೊಡುತ್ತಾರೆ. ಏನದು ಅಂತೀರಾ? ಮಜ್ಜಿಗೆ! ನಿಮ್ಮ ಯಜಮಾನರಿಗೆ ಅರ್ಧ ಸಮಾಧಾನ ಅಲ್ಲೇ ಆಯಿತು. ಆದರೆ ಸಸ್ಯಾಹಾರಿಗಳು ಜಾಗ್ರತೆ: ಹಳೆಯ ಪದ್ಧತಿಯಲ್ಲಿ ಹೆಂಚಿಗೆ ಹಂದಿಯ ಕೊಬ್ಬು ಸವರುವುದುಂಟು. ಕೆಲವರು ಹಿಟ್ಟಿಗೆ ಮೊಟ್ಟೆ ಸೇರಿಸುತ್ತಾರೆ. ಗೋಧಿಯ ಸಿಹಿ ದೋಸೆಗಂತೂ ಮೊಟ್ಟೆ ಇದ್ದೇ ಇರುತ್ತದೆ. ಹಲವು ಚೀಸ್‌ಗಳಿಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುತ್ತಾರೆ. "ಮಾಂಸ, ಮೀನು, ಮೊಟ್ಟೆ, ಹಂದಿ ಕೊಬ್ಬು ಬೇಡ, ಬೆಣ್ಣೆಯಲ್ಲಿ ಮಾಡಿ" ಎಂದು ಫ್ರೆಂಚಿನಲ್ಲಿ ಮಗಳ ಕೈಲಿ ಚೀಟಿ ಬರೆಸಿ ಪರ್ಸಿನಲ್ಲಿಟ್ಟುಕೊಳ್ಳಿ.

ನನ್ನ ಸಲಹೆ ಇಷ್ಟೇ. ಬೆಳಿಗ್ಗೆ ಬ್ರೆಡ್ಡು, ಉಪ್ಪು ಬೆರೆತ ಅಲ್ಲಿಯ ಬೆಣ್ಣೆ. ಮಧ್ಯಾಹ್ನ ಹೊರಗೆ ಗಾಲೆಟ್, ಅದೂ ಎರಡು ಗಂಟೆಯೊಳಗೆ, ಆಮೇಲೆ ಅಡುಗೆಮನೆ ಮುಚ್ಚುತ್ತಾರೆ. ರಾತ್ರಿ ಒಂದೇ ಹೊತ್ತು ಅನ್ನ, ಸಾರು, ಮೊಸರು. ತರಕಾರಿ ಹೆಚ್ಚುವುದು ಯಜಮಾನರದು, ಪಾತ್ರೆ ಅಳಿಯಂದಿರದು. ಇದನ್ನು ಹೊರಡುವ ಮೊದಲೇ ನಗುನಗುತ್ತಾ ಒಪ್ಪಿಸಿ. ಹೋದ ಮೇಲೆ ಹೇಳಿದರೆ ಜಗಳವಾದೀತು.

ಯಜಮಾನರ ನಾಲಿಗೆಗೂ ಇಲ್ಲೇ ಅಭ್ಯಾಸ ಮಾಡಿಸಿ. ಕಾಲು ಕಿಲೋ ಕುಟ್ಟು ಹಿಟ್ಟು, ಒಂದು ಟೀ ಚಮಚ ಉಪ್ಪು, ಅರ್ಧ ಲೀಟರ್ ನೀರು. ಗಂಟಿಲ್ಲದಂತೆ ಕಲಸಿ ಎರಡು ಗಂಟೆ ಬಿಡಿ. ನೀರುದೋಸೆಗಿಂತ ಕೊಂಚ ಗಟ್ಟಿ ಇರಲಿ. ಕಾದ ಹೆಂಚಿಗೆ ಬೆಣ್ಣೆ ಸವರಿ ತೆಳ್ಳಗೆ ಹುಯ್ದು, ಅಂಚು ಎದ್ದ ಮೇಲೆ ಹುರಿದ ಅಣಬೆ ಅಥವಾ ಪಾಲಕ್, ತುರಿದ ಚೀಸ್ ಹಾಕಿ, ನಾಲ್ಕು ಕಡೆಯಿಂದ ಮಡಿಸಿ ಚೌಕ ಮಾಡಿ. ಬಿಸಿಯಿರುವಾಗಲೇ ಮಜ್ಜಿಗೆಯೊಂದಿಗೆ ಕೊಡಿ.

ಮಗಳಿಗೆ ಅಮ್ಮನ ಕೈಯಡುಗೆ ಬೇಕು, ನಿಜ. ಅದನ್ನು ಅವಳ ಮನೆಯಲ್ಲಿ ಉಳಿದ ದಿನಗಳಲ್ಲಿ ಮನದಣಿಯೆ ಮಾಡಿ ಬಡಿಸಿ. ಆ ಎಂಟು ದಿನ ಮಾತ್ರ, ಮೂರು ವರ್ಷದ ಮಾತು ಬಾಕಿ ಇದೆಯಲ್ಲ, ಮರಳ ಮೇಲೆ ಅವಳ ಪಕ್ಕ ಕೂತು ಅದನ್ನು ತೀರಿಸಿಕೊಳ್ಳಿ.