ಮಗುವಿಗಿಂತ ನಳಿಕೆ ಹೆಚ್ಚೇ?

ಕೋವಿಯ ಮಾತು ಬಂದರೆ ಹೆಂಗಸರು ಸುಮ್ಮನಿರಬೇಕು ಎನ್ನುವವರಿದ್ದಾರೆ. ನಾನು ಸುಮ್ಮನಿರುವವಳಲ್ಲ. ಕೈಲ್ ಮುಹೂರ್ತದ ದಿನ ಕೋವಿಗೆ ಹೂವಿಟ್ಟು ಪೂಜಿಸುವ ಕೊಡಗಿನ ಮನೆಯಲ್ಲಿ ಹುಟ್ಟಿದವಳು. ನನ್ನ ಜಗಳ ಕೋವಿಯೊಡನೆ ಅಲ್ಲ. ತೋಟಾದ ಬುಡದಲ್ಲಿ ಕೂರುವ ಪ್ರೈಮರ್ ಎಂಬ ಪುಟ್ಟ ಬಟ್ಟಲಿದೆಯಲ್ಲ, ಅದನ್ನು ಆರಿಸುವ ಗಂಡಸರ ರೀತಿಯೊಡನೆ.

ಅಮೆರಿಕದಲ್ಲಿ ಅನೇಕ ಬೇಟೆಗಾರರು ರೈಫಲ್ಲಿನ ತೋಟಾಗಳನ್ನು ಮನೆಯಲ್ಲೇ ತುಂಬಿಕೊಳ್ಳುತ್ತಾರೆ. ಹಾರಿಸಿ ಖಾಲಿಯಾದ ಹಿತ್ತಾಳೆಯ ತೋಟಾದಿಂದ ಸುಟ್ಟ ಪ್ರೈಮರನ್ನು ಕಿತ್ತು, ಹೊಸದನ್ನು ಕೂರಿಸಿ, ಮದ್ದು ಅಳೆದು ಸುರಿದು, ಮೇಲೆ ಗುಂಡು ಒತ್ತುತ್ತಾರೆ. ಪೆನ್ಸಿಲ್ವೇನಿಯಾದಲ್ಲಿರುವ ನನ್ನ ಅಳಿಯಂದಿರೂ ಜಿಂಕೆ ಬೇಟೆಯ ಕಾಲ ಬಂತೆಂದರೆ ಇದೇ ಕೆಲಸಕ್ಕೆ ಕೂರುತ್ತಾರೆ. ಪ್ರೈಮರ್ ಎಂದರೆ ನಮ್ಮ ದೀಪಾವಳಿಯ ಕೇಪಿನ ದೊಡ್ಡಣ್ಣ. ಬಡಿದೊಡನೆ ಸಿಡಿದು ಮದ್ದಿಗೆ ಕಿಡಿ ಕೊಡುತ್ತದೆ.

ಅದನ್ನು ಆರಿಸುವಾಗ ಇವರ ಜಾಗ್ರತೆ ನೋಡಬೇಕು! ಸಣ್ಣದು 4.45 ಮಿಲಿಮೀಟರ್, ದೊಡ್ಡದು 5.33. ಪಿಸ್ತೂಲಿನ ಸಣ್ಣ ಪ್ರೈಮರಿಗೂ ಅದೇ ಅಗಲ, ಆದರೆ ಬಟ್ಟಲು ತೆಳು. ರೈಫಲ್ಲಿಗೆ ಹಾಕಿದರೆ ಒತ್ತಡಕ್ಕೆ ತೂತು ಬಿದ್ದೀತು. ಪ್ರೈಮರಿನ ಜಾತಿ ಬದಲಾದರೆ ಮದ್ದು ಇಳಿಸಿ ಮತ್ತೆ ಮೊದಲಿನಿಂದ ನೋಡಬೇಕು. ಇದೆಲ್ಲ ಸರಿಯೇ. ಪ್ರಾಣದ ವಿಷಯದಲ್ಲಿ ಲೆಕ್ಕ ಬೇಕು. ಆದರೆ ಆ ಬಟ್ಟಲಿನೊಳಗೆ ಇರುವುದೇನು ಎಂಬ ಲೆಕ್ಕ ಎಲ್ಲಿ ಹೋಯಿತು?

ಒಳಗಿರುವುದು ಸೀಸ, ಲೆಡ್ ಸ್ಟಿಫ್ನೇಟ್ ಎಂಬ ಸೀಸದ ಲವಣ. ಹಾರಿಸಿದ ಮೇಲೆ ಅದರ ಧೂಳು ಖಾಲಿ ತೋಟಾದಲ್ಲಿ ಉಳಿಯುತ್ತದೆ. ಅದನ್ನು ಅಕ್ರೋಟಿನ ಚಿಪ್ಪಿನ ಪುಡಿಯೊಡನೆ ಯಂತ್ರದಲ್ಲಿ ಉರುಳಿಸಿ ಹೊಳಪು ಕೊಡುವಾಗ ಆ ಧೂಳು ಏಳುತ್ತದೆ. ಕೈಗೆ, ಅಂಗಿಗೆ, ನೆಲದ ಹಾಸಿಗೆ ಅಂಟುತ್ತದೆ. ಅಲ್ಲೇ ಅಂಬೆಗಾಲಿಡುವ ಮಗು ಬೆರಳು ಚೀಪುತ್ತದೆ.

ಸೀಸಕ್ಕೆ ಅಪಾಯವಿಲ್ಲದ ಮಟ್ಟವೆಂಬುದೇ ಗೊತ್ತಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಸೀಸ ಕಂಡರೆ ಎಚ್ಚರಿಸುತ್ತಿದ್ದ ಅಮೆರಿಕ, 2021ರಲ್ಲಿ ಆ ಗೆರೆಯನ್ನು 3.5ಕ್ಕೆ ಇಳಿಸಿತು. ಸೀಸ ಮೊದಲು ಕದಿಯುವುದು ಬುದ್ಧಿಯನ್ನು, ಗಮನವನ್ನು. ಗಮನ ನಿಲ್ಲದ ಮಗುವಿಗೆ ಲೋಕ ಎಷ್ಟು ಬೇಗ ‘ದಡ್ಡ’ ಎಂಬ ಹೆಸರಿಡುತ್ತದೆ ಎಂಬುದನ್ನು ಮೇಷ್ಟರಿಣಿಯಾದ ನಾನು ದಿನವೂ ಕಂಡಿದ್ದೇನೆ.

“ಅತ್ತೆ, ಪ್ರೈಮರ್ ಇರುವುದೇ ಹಾಗೆ” ಎಂದರು ಅಳಿಯಂದಿರು. ಇರುವುದೇ ಹಾಗೆಯೇ? ಹಿಂದೆ ಅದರಲ್ಲಿ ಪಾದರಸದ ಫಲ್ಮಿನೇಟ್ ಇತ್ತು. ಹಿತ್ತಾಳೆ ಹಾಳಾಗುತ್ತದೆಂದು ಬಿಟ್ಟರು. ಆಮೇಲೆ ಕ್ಲೋರೇಟ್. ನಳಿಕೆ ತುಕ್ಕು ಹಿಡಿಯುತ್ತದೆಂದು ಅದನ್ನೂ ಬಿಟ್ಟರು. ಹಿತ್ತಾಳೆಗಾಗಿ ಒಮ್ಮೆ, ಕಬ್ಬಿಣಕ್ಕಾಗಿ ಇನ್ನೊಮ್ಮೆ ಬದಲಾಯಿಸಿದವರಿಗೆ ಮಗುವಿಗಾಗಿ ಮಾತ್ರ ಕೈ ಬಾರದೇ?

ಸೀಸವಿಲ್ಲದ ಪ್ರೈಮರು ಬಂದಿದೆ. ಎಲ್ಲ ಅಳತೆಯಲ್ಲೂ ಸಿಗದು, ಕಡುಚಳಿಯಲ್ಲಿ ನಂಬುವಂತಿಲ್ಲ ಎಂಬ ದೂರುಗಳಿವೆ. ಒಪ್ಪಿದೆ. ಕೊಳ್ಳುವವರು ಕೇಳುತ್ತಲೇ ಇದ್ದರೆ ತಾನೇ ಮಾಡುವವರು ಸುಧಾರಿಸುವುದು? ಅಲ್ಲಿಯವರೆಗೆ ಮನೆಯ ಹೆಂಗಸರು ಕಟ್ಟುನಿಟ್ಟು ಮಾಡಲಿ. ಅಡುಗೆಮನೆಯ ಮೇಜಿನ ಮೇಲೆ ಈ ಕೆಲಸ ಬೇಡ. ಖಾಲಿ ತೋಟಾಗಳನ್ನು ನೀರಿನಲ್ಲೇ ತೊಳೆಯಲಿ. ಪೊರಕೆ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಲಿ. ಆ ಅಂಗಿಯನ್ನು ಬೇರೆ ಒಗೆಯಲಿ. ಮಗುವಿನ ರಕ್ತ ಪರೀಕ್ಷೆ ಮಾಡಿಸಲಿ.

ನಮಗೇಕೆ ಇದು ಎನ್ನಬೇಡಿ, ಗೆಳತಿಯರೇ. ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವವರು ನಮ್ಮ ದೇಶದ ಊರುಗಳಲ್ಲೂ ಇದ್ದಾರೆ. ಅವರ ಅಂಗಿಯೂ ಮನೆಗೇ ಬರುತ್ತದೆ. ಗಂಡಸರ ಕಸುಬಿನ ಧೂಳನ್ನು ಗುಡಿಸುವವರು ನಾವು. ಅದರೊಳಗೆ ಏನಿದೆ ಎಂದು ಕೇಳುವ ಹಕ್ಕೂ ನಮ್ಮದೇ.