ಓಡುವ ಕಾಲು, ಓದುವ ಕಣ್ಣು

ಒಲಿಂಪಿಕ್ಸ್ ಮುಗಿದು, ಪದಕಪಟ್ಟಿಯಲ್ಲಿ ನಮ್ಮ ದೇಶದ ಹೆಸರನ್ನು ಕೆಳಗಿನಿಂದ ಹುಡುಕುವ ಹೊತ್ತಿಗೆ ಒಂದು ಸಲಹೆ ಎಲ್ಲಿಂದಲಾದರೂ ಕೇಳಿಬರುತ್ತದೆ. ಉತ್ತರ ಕನ್ನಡದ ಕಾಡಿನಲ್ಲಿ ಸಿದ್ದಿಗಳಿದ್ದಾರಲ್ಲ, ಆಫ್ರಿಕಾ ಮೂಲದವರು, ಓಟ ಅವರ ರಕ್ತದಲ್ಲೇ ಇದೆ, ಸ್ವಲ್ಪ ತರಬೇತಿ ಕೊಟ್ಟರೆ ಸಾಕು ಎಂದು. ಹೇಳುವವರ ದನಿಯಲ್ಲಿ ತಾತ್ಸಾರವಿಲ್ಲ, ಮೆಚ್ಚುಗೆಯಿದೆ. ಹಾಗಾಗಿಯೇ ಈ ಮಾತನ್ನು ಯಾರೂ ತಡೆದು ಪ್ರಶ್ನಿಸುವುದಿಲ್ಲ. ಆದರೆ ಒಂದು ಜನಾಂಗವನ್ನು ಇಡಿಯಾಗಿ ಹೊಗಳುವಾಗ ನಾವು ಆರಿಸಿಕೊಳ್ಳುವ ಗುಣ ಸಾಮಾನ್ಯವಾಗಿ ನಮಗೆ ಉಪಯೋಗಕ್ಕೆ ಬರುವಂಥದ್ದು: ಪದಕ ತರುವ ಕಾಲು, ನೋವು ತಾಳುವ ಮೈ, ತಕರಾರಿಲ್ಲದೆ ದುಡಿಯುವ ಸ್ವಭಾವ. ಹೊಗಳಿಸಿಕೊಂಡವರ ಹೆಸರಿನಲ್ಲಿ ಅದು ತಾವು ಮಾಡದ ಸಾಲದಂತೆ ಉಳಿದುಬಿಡುತ್ತದೆ. ತೀರಿಸಿದರೆ ಹೆಚ್ಚುಗಾರಿಕೆಯಿಲ್ಲ, ತೀರಿಸದಿದ್ದರೆ ತಪ್ಪಿತಸ್ಥರು.

ಈ ಸಲಹೆ ಒಮ್ಮೆ ಸರ್ಕಾರದ ಯೋಜನೆಯೂ ಆಗಿತ್ತು. 1980ರ ದಶಕದ ಉತ್ತರಾರ್ಧದಲ್ಲಿ, ಮಾರ್ಗರೆಟ್ ಆಳ್ವ ಕ್ರೀಡಾ ಖಾತೆಯ ರಾಜ್ಯ ಸಚಿವೆಯಾಗಿದ್ದಾಗ, ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಸಿದ್ದಿ ಮಕ್ಕಳನ್ನು ಆರಿಸಿ ಹಾಸ್ಟೆಲುಗಳಿಗೆ ಕರೆದೊಯ್ದಿತು. ಕೆಲವರು ರಾಷ್ಟ್ರಮಟ್ಟದ ಕೂಟಗಳಲ್ಲಿ ಪದಕ ಗೆದ್ದರು. 1993ರಲ್ಲಿ ಸಿದ್ದಿಗಳ ಪಾಲಿಗೆ ಆ ಬಾಗಿಲು ಮುಚ್ಚಿತು. ಕ್ರೀಡಾ ಕೋಟಾದಲ್ಲಿ ನೌಕರಿ ಹಿಡಿದ ಕೆಲವರನ್ನು ಬಿಟ್ಟರೆ ಉಳಿದವರು ಊರಿಗೆ ಮರಳಿ ಮತ್ತೆ ಗದ್ದೆ, ಕೂಲಿ ಕೆಲಸ ಹಿಡಿದರು. ಯೋಜನೆಯ ಬುನಾದಿಯಲ್ಲಿದ್ದ ಊಹೆಯನ್ನು ಆಗಲೂ ಯಾರೂ ಸರಿಯಾಗಿ ಪರೀಕ್ಷಿಸಿದಂತೆ ಕಾಣುವುದಿಲ್ಲ. ಆಫ್ರಿಕಾ ಎಂಬುದು ಒಂದು ಊರಲ್ಲ. ಮನುಷ್ಯರ ತಳಿವೈವಿಧ್ಯ ಅತಿ ಹೆಚ್ಚಿರುವ ಖಂಡ ಅದೇ. ಮ್ಯಾರಥಾನ್ ಗೆಲ್ಲುವ ಕೀನ್ಯಾ, ಇಥಿಯೋಪಿಯಾದ ಓಟಗಾರರಲ್ಲಿ ಹೆಚ್ಚಿನವರು ರಿಫ್ಟ್ ಕಣಿವೆಯ ಆಸುಪಾಸಿನ ಎತ್ತರದ ಪ್ರದೇಶದವರು. ಅವರ ಹಿಂದೆ ಶಾಲಾ ಕ್ರೀಡಾಕೂಟಗಳ, ತರಬೇತುದಾರರ, ಓಟದಿಂದ ಬದುಕು ಕಟ್ಟಿಕೊಂಡ ಹಿರಿಯರ ಒಂದು ಪರಂಪರೆಯೇ ಇದೆ. ಪೋರ್ಚುಗೀಸರು ಗೋವಾಕ್ಕೆ ಗುಲಾಮರಾಗಿ ತಂದ ಜನರ ಸಂತತಿಯಾದ ನಮ್ಮ ಸಿದ್ದಿಗಳ ಆಫ್ರಿಕನ್ ಪೂರ್ವಜರು ಬಹುಪಾಲು ಬಂಟು ಭಾಷಿಕರು. 2011ರಲ್ಲಿ ಪ್ರಕಟವಾದ ತಳಿ ಅಧ್ಯಯನ ಅವರಲ್ಲಿ ಆಫ್ರಿಕಾದ ಜತೆಗೆ ಭಾರತದ ಮತ್ತು ಪ್ರಾಯಶಃ ಯುರೋಪಿನ ಅಂಶಗಳನ್ನೂ ಗುರುತಿಸಿತು. ‘ರಕ್ತದಲ್ಲೇ ಇದೆ’ ಎನ್ನುವವರು ಯಾವ ರಕ್ತದ ಮಾತಾಡುತ್ತಿದ್ದಾರೆ ಎಂಬುದೇ ಸ್ಪಷ್ಟವಿಲ್ಲ. ಗುಂಗುರು ಕೂದಲು ನೋಡಿ ಹೇಳಿದ ಕಣಿ ಅದು.

ಆ ಕಣಿ ದಿನನಿತ್ಯದ ಬದುಕಿನಲ್ಲಿ ಏನು ಮಾಡುತ್ತದೆ? ಮೊದಲನೆಯದಾಗಿ, ಶ್ರಮವನ್ನು ಲೆಕ್ಕದಿಂದ ಅಳಿಸುತ್ತದೆ. ಬೆಳಗಿನ ಜಾವ ಎದ್ದು ವರ್ಷಗಟ್ಟಲೆ ಓಡಿದ ಹುಡುಗಿ ಗೆದ್ದರೆ ಅದು ಅವಳ ಸಾಧನೆಯಲ್ಲ, ಅವಳ ಕುಲದ ಗುಣ. 2020ರಲ್ಲಿ ಯುರೋಪಿನ ಪ್ರಮುಖ ಲೀಗುಗಳ 80 ಫುಟ್‌ಬಾಲ್ ಪಂದ್ಯಗಳ ವೀಕ್ಷಕ ವಿವರಣೆಯನ್ನು ಪರಿಶೀಲಿಸಿದ ಅಧ್ಯಯನವೊಂದರಲ್ಲಿ ಕಂಡದ್ದೂ ಇದನ್ನೇ: ಬುದ್ಧಿವಂತಿಕೆ, ಪರಿಶ್ರಮದ ಹೊಗಳಿಕೆ ಹೆಚ್ಚಾಗಿ ಬಿಳಿಬಣ್ಣದ ಆಟಗಾರರಿಗೆ, ವೇಗ, ಬಲದ ಮಾತು ಬಂದಾಗ ಕಪ್ಪುಬಣ್ಣದವರತ್ತ ಬೆರಳು. ಅಂಥ ಮಾತು ಮುಂದೆ ಯಾರನ್ನು ತರಬೇತುದಾರನಾಗಿ ನೇಮಿಸಬೇಕು ಎಂಬಲ್ಲಿಗೂ ಹೋಗಿ ಮುಟ್ಟಬಲ್ಲದು. ಇಲ್ಲಿಯೂ ಅಷ್ಟೇ. ಸಿದ್ದಿಗಳ ಓಟದ ಬಗ್ಗೆ ನಾಡಿಗೆ ತಿಳಿದಷ್ಟು, ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಗಲು 2003ರವರೆಗೆ ಕಾಯಬೇಕಾಯಿತು ಎಂಬುದು ತಿಳಿದಿಲ್ಲ. ಅರಣ್ಯಭೂಮಿಯ ಹಕ್ಕಿನ ಅರ್ಜಿಗಳ ಬಗ್ಗೆ ಕುತೂಹಲ ಇನ್ನೂ ಕಡಿಮೆ.

ಹೊಗಳಿಕೆ ಮೈಮೇಲೂ ಬರುತ್ತದೆ. ಕಪ್ಪು ಜನರು ಗಟ್ಟಿಮುಟ್ಟು, ನೋವು ತಡೆದುಕೊಳ್ಳುವವರು ಎಂಬ ಮಾತು ಮೇಲ್ನೋಟಕ್ಕೆ ಮೆಚ್ಚುಗೆಯೇ. 2016ರಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಬಿಳಿಯ ವೈದ್ಯ ವಿದ್ಯಾರ್ಥಿಗಳನ್ನೂ ಕಿರಿಯ ವೈದ್ಯರನ್ನೂ ಪ್ರಶ್ನಿಸಿದಾಗ, ಸುಮಾರು ಅರ್ಧದಷ್ಟು ಜನ ಕಪ್ಪು ಜನರ ಚರ್ಮ ದಪ್ಪ ಎಂಬಂಥ ಸುಳ್ಳು ನಂಬಿಕೆಗಳಲ್ಲಿ ಒಂದನ್ನಾದರೂ ಒಪ್ಪಿದ್ದರು. ಹಾಗೆ ಒಪ್ಪಿದವರು ಕಪ್ಪು ರೋಗಿಯ ನೋವನ್ನು ಕಡಿಮೆ ಎಂದು ಅಂದಾಜಿಸಿದರು, ಚಿಕಿತ್ಸೆಯ ಸಲಹೆಯಲ್ಲೂ ಎಡವಿದರು. ಆ ನಂಬಿಕೆಯ ಬೇರು ಗುಲಾಮರನ್ನು ದುಡಿಸಿಕೊಳ್ಳುತ್ತಿದ್ದ ತೋಟಗಳಲ್ಲಿದೆ. ಅಲ್ಲಿ ‘ಗಟ್ಟಿ ಮೈ’ ಎಂದರೆ ಇನ್ನಷ್ಟು ಹೊರೆ ಹೇರಬಹುದು ಎಂದರ್ಥ.

ನಮ್ಮವರು ಈ ಹೊಗಳಿಕೆಯ ಫಲಾನುಭವಿಗಳೂ ಹೌದು ಎಂಬುದನ್ನು ಮರೆಯಬಾರದು. ಅಮೆರಿಕದಲ್ಲಿರುವ ಭಾರತೀಯರಿಗೆ, ಅವರಲ್ಲಿರುವ ಸಾವಿರಾರು ಕನ್ನಡಿಗರಿಗೂ, ‘ಮಾದರಿ ಅಲ್ಪಸಂಖ್ಯಾತರು’ ಎಂಬ ಬಿರುದಿದೆ. 1966ರಲ್ಲಿ ಸಮಾಜಶಾಸ್ತ್ರಜ್ಞ ವಿಲಿಯಂ ಪೀಟರ್ಸನ್ ಜಪಾನಿ ಅಮೆರಿಕನ್ನರ ಯಶಸ್ಸಿನ ಬಗ್ಗೆ ಬರೆದ ಲೇಖನದಿಂದ ಈ ಬಗೆಯ ಮಾತು ಬಲ ಪಡೆಯಿತು. ಕಪ್ಪು ಜನರ ಹಕ್ಕಿನ ಹೋರಾಟ ಬಿಸಿಯಾಗಿದ್ದ ಕಾಲ ಅದು. ‘ನೋಡಿ, ಇವರು ದೂರದೆ ಮೇಲೆ ಬಂದರು’ ಎಂಬ ಹೊಗಳಿಕೆ ಇನ್ನೊಬ್ಬರ ಬೆನ್ನಿಗೆ ಬೀಸಿದ ಚಾಟಿಯೂ ಆಯಿತು. ಭಾರತೀಯರ ಯಶಸ್ಸಿಗೆ ಕಾರಣ ಹುಡುಕಲು ರಕ್ತದವರೆಗೆ ಹೋಗಬೇಕಿಲ್ಲ. 1965ರ ವಲಸೆ ಕಾಯ್ದೆ ವೈದ್ಯರು, ಎಂಜಿನಿಯರುಗಳಂಥ ಓದಿದವರಿಗೆ ಬಾಗಿಲು ತೆರೆಯಿತು. ಜರಡಿ ಹಿಡಿದ ಮೇಲೆ ಉಳಿದದ್ದೆಲ್ಲ ದಪ್ಪ ಕಾಳೇ. ಆದರೆ ಅವರ ಮಕ್ಕಳು ಗಣಿತದಲ್ಲಿ ಸಾಧಾರಣವಾಗಿದ್ದರೆ ಅದೊಂದು ಲೋಪವೆನಿಸುತ್ತದೆ. 2000ರಲ್ಲಿ ನಡೆದ ಒಂದು ಮನೋವಿಜ್ಞಾನದ ಪ್ರಯೋಗದಲ್ಲಿ, ಜನಾಂಗದ ಅರಿವು ಎದ್ದುಕಾಣುವಂತೆ ಮಾಡಿದಾಗ ಏಷ್ಯನ್ ಅಮೆರಿಕನ್ ಮಹಿಳೆಯರ ಏಕಾಗ್ರತೆ ಕುಗ್ಗಿ ಗಣಿತದ ಅಂಕವೇ ಇಳಿಯಿತು. ಇದಕ್ಕೆ ಒಂದು ವರ್ಷ ಮೊದಲು ಬೇರೊಂದು ತಂಡ ಅಂಕ ಏರಿದ್ದನ್ನೂ ಕಂಡಿತ್ತು. ಹಾಗಾಗಿ ಹೊಗಳಿಕೆ ಯಾವಾಗಲೂ ಕೆಳಗೆಳೆಯುತ್ತದೆ ಎಂದು ನಾನು ಹೇಳುತ್ತಿಲ್ಲ. ಅದು ತೂಕವಿರುವ ವಸ್ತು, ಯಾರ ತಲೆಯ ಮೇಲಿಟ್ಟರೂ ಭಾರವೇ ಎನ್ನುತ್ತಿದ್ದೇನೆ.

ಬೈಗುಳಕ್ಕಿಂತ ಹೊಗಳಿಕೆ ಮೇಲಲ್ಲವೇ ಎಂದು ಕೇಳಬಹುದು. ಬೀದಿಯಲ್ಲಿ ಹೀಯಾಳಿಸಿಕೊಳ್ಳುವುದಕ್ಕಿಂತ ಮೇಲು, ಒಪ್ಪುತ್ತೇನೆ. ಆದರೆ ಇವೆರಡೂ ಒಂದೇ ಮನೆಯಲ್ಲಿ ಬಾಳುತ್ತವೆ: ಕಾಲು ಚುರುಕು ಎನ್ನುವವರ ಮಾತಿನ ಬೆನ್ನಿಗೇ ತಲೆ ಚುರುಕಿಲ್ಲ ಎಂಬುದು ಹೇಳದೆಯೂ ಬರುತ್ತದೆ. ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಊಹೆ ತಪ್ಪೇ ಇರಲಿ, ಅದರಿಂದಲೇ ಅಲ್ಲವೇ ಸಿದ್ದಿ ಮಕ್ಕಳಿಗೆ ಹಾಸ್ಟೆಲು, ಊಟ, ಕೆಲವರಿಗೆ ಸರ್ಕಾರಿ ನೌಕರಿ ಸಿಕ್ಕಿದ್ದು? ನಿಜ, ಆ ನೌಕರಿಗಳು ಸಣ್ಣ ಸಂಗತಿಯಲ್ಲ. ಆದರೆ ಪದಕದ ನಿರೀಕ್ಷೆಯ ಮೇಲೆ ಕೊಟ್ಟ ಸೌಲಭ್ಯ ನಿರೀಕ್ಷೆ ಮುಗಿದ ದಿನ ಮುಗಿಯಿತು. ನಾಗರಿಕರೆಂಬ ಹಕ್ಕಿನ ಮೇಲೆ ಕೊಟ್ಟಿದ್ದರೆ ಅದನ್ನು ಹಿಂತೆಗೆಯುವುದು ಅಷ್ಟು ಸಲೀಸಾಗುತ್ತಿರಲಿಲ್ಲ. ಹೋಲಿಕೆಗೆ ರಂಗಭೂಮಿಯನ್ನು ನೋಡಬಹುದು. 1980ರ ದಶಕದಲ್ಲಿ ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ ಮಂಚಿಕೇರಿಯ ಸಿದ್ದಿಗಳ ಜತೆ ಚಿನುವಾ ಅಚಿಬೆಯ ಕಾದಂಬರಿ ಆಧರಿಸಿದ ನಾಟಕ ಮಾಡಿಸಿತು. ಅಲ್ಲಿಯೂ ಮೊದಲು ನೆನಪಾದದ್ದು ಆಫ್ರಿಕಾವೇ ಎಂಬುದು ನಿಜ. ಆದರೆ ನಂಟು ಒಂದು ನಾಟಕಕ್ಕೇ ನಿಲ್ಲಲಿಲ್ಲ. ಹೆಗ್ಗೋಡಿನಲ್ಲಿ ಕಲಿತ ಪ್ರಶಾಂತ್ ಸಿದ್ದಿ ಇವತ್ತು ಕನ್ನಡ ಸಿನಿಮಾದ ಪರಿಚಿತ ನಟ.

ಹಳಿಯಾಳದಲ್ಲೋ ಮುಂಡಗೋಡದಲ್ಲೋ ಒಳ್ಳೆಯ ಓಟದ ಟ್ರ್ಯಾಕ್ ಬೇಡ ಎಂದು ಇದರ ಅರ್ಥವಲ್ಲ. ಖಂಡಿತ ಆಗಲಿ. ಗೌಳಿಗಳ, ಕುಣಬಿಗಳ ಮಕ್ಕಳೂ ಅದೇ ಟ್ರ್ಯಾಕಿನಲ್ಲಿ ಓಡಲಿ, ಆಯ್ಕೆಯನ್ನು ಗಡಿಯಾರ ಮಾಡಲಿ. ಆಯ್ಕೆಯಾದ ಸಿದ್ದಿ ಹುಡುಗಿ ಎರಡು ವರ್ಷದ ಮೇಲೆ ಓಟ ಸಾಕು, ನರ್ಸಿಂಗ್ ಓದುತ್ತೇನೆ ಎಂದರೆ ಅವಳು ಹಾಸ್ಟೆಲಿನ ಕೋಣೆ ಖಾಲಿ ಮಾಡಬೇಕಾಗಿ ಬರದಿರಲಿ.